ಮುಂದಿನ ಬೆಂಚಿನ ನಂಬರು

ಹೋದ ತಿಂಗಳು ಅಕ್ಕನ ಮಗಳನ್ನು ಯಾವುದೋ ಪ್ರವೇಶ ಪರೀಕ್ಷೆಗೆ ಬಿಟ್ಟುಬರಲು ಬೆಳಗಾವಿಯ ನನ್ನ ಹಳೆಯ ಕಾಲೇಜಿಗೆ ಹೋಗಬೇಕಾಯಿತು. ಅಕ್ಕ ಫೋನಿನಲ್ಲಿ ಸೆಂಟರಿನ ಹೆಸರು ಹೇಳಿದ ಕೂಡಲೇ, ಆಟೋ ಹತ್ತಿಸಿ ಕಳಿಸಿಬಿಟ್ಟರಾಯಿತು ಎಂದುಕೊಂಡಿದ್ದೆ. ಆದರೆ ಖಾನಾಪುರದಿಂದ ಬಂದ ಹುಡುಗಿ, ಊರಿನ ಗುರುತಿಲ್ಲ, ಮೇಲೆ ಜಿಟಿಜಿಟಿ ಮಳೆ. ಹೋದೆ. ಗೇಟಿನ ಹತ್ತಿರವೇ ನಿಲ್ಲಬೇಕೆಂದಿದ್ದವಳು ಅವಳಿಗೆ ಕೊಡೆ ಹಿಡಿದುಕೊಂಡು ಮೊದಲ ಮಹಡಿಯ ವರಾಂಡದವರೆಗೂ ಹೋಗಿಬಿಟ್ಟೆ. ಜವಾನ ಇನ್ನೂ ಬೆಂಚುಗಳ ಮೇಲೆ ಸೀಮೆಸುಣ್ಣದಿಂದ ನಂಬರು ಬರೆಯುತ್ತಿದ್ದ. ಮಳೆಗಾಲಕ್ಕೆ ಹಸಿ ಹಿಡಿದ ಕಟ್ಟಿಗೆ, ಅದರ ಮೇಲೆ ಸುಣ್ಣದ ಪುಡಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ತಾನಾಗಿಯೇ ಕಿಟಕಿಯ ಸಾಲಿಗೆ ಹೋಗಿ ನಿಂತಿತು. ‘ಮೌಶಿ, ಏನಾತು?’ ಎಂದಳು ಹುಡುಗಿ. ಏನಿಲ್ಲ ಎಂದು ಕೊಡೆ ಮಡಚಿಕೊಂಡು ಇಳಿದು ಬಂದೆ. ಕೊಡೆ ಮಡಚಿದ್ದು ಗೊತ್ತಾದದ್ದು ಪೂರ್ತಿ ತೊಯ್ದ ಮೇಲೆ.

ನಾನೀಗ ಇದೇ ಊರಿನಲ್ಲಿ, ಕುಡಿಯುವ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಅಂದರೆ ಬಿ.ಎಸ್ಸಿ. ಹೇಗೋ ಮುಗಿಯಿತು. ಆದರೆ ಮುಗಿದದ್ದು ಆ ಕಾಲೇಜಿನಲ್ಲಲ್ಲ. ಅಲ್ಲಿ ನಾನು ಕಳೆದದ್ದು ಒಂದೇ ವರ್ಷ, ಆ ವರ್ಷದ ಅಂಕಪಟ್ಟಿಯಲ್ಲಿ ಪಾಸಾದ ವಿಷಯಕ್ಕಿಂತ ಫೇಲಾದ ವಿಷಯಗಳೇ ಹೆಚ್ಚು. ಮಾಸ್ತರರ ಮಗಳು ಬೇರೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ಖಾನಾಪುರದ ಅರ್ಧ ಊರು ನನ್ನನ್ನು ನೋಡಿಯೇ ಕಲಿತಿರಬೇಕು.

ಅವಳು ಸ್ನೇಹಾ, ನಾನು ಸೌಮ್ಯಾ. ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಹಾಜರಿಯಲ್ಲಿ ಅವಳ ಹೆಸರಿನ ಹಿಂದೆಯೇ ನನ್ನ ಹೆಸರು. ನಮ್ಮ ಗೆಳೆತನದ ಮೂಲ ಇಷ್ಟೇ. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿಗೆ ಒಂದೇ ಟೇಬಲ್ಲು, ಪರೀಕ್ಷೆಗೆ ಅವಳ ಹಿಂದಿನ ಬೆಂಚು, ಕೊನೆಗೆ ಸದಾಶಿವನಗರದ ಒಂದು ಮನೆಯ ಮೇಲಿನ ಕೋಣೆಯೂ ಇಬ್ಬರಿಗೂ ಸೇರಿ ಸಿಕ್ಕಿತು. ಅವಳ ಊರು ಜಾಂಬೋಟಿಯ ಆಚೆಗಿನ ಒಂದು ಹಳ್ಳಿ. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವಳ ತಂದೆ ಆಟೋ ನಗರದಲ್ಲಿ ಲಾರಿಗಳ ಅಡಿಯ ಕಬ್ಬಿಣದ ಸ್ಪ್ರಿಂಗ್ ಪಾಟಾ ದುರಸ್ತಿ ಮಾಡುವ ವರ್ಕ್‌ಶಾಪ್ ಇಟ್ಟಿದ್ದರು. ವಾರವಿಡೀ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಮಲಗಿ ರವಿವಾರ ಊರಿಗೆ ಹೋಗುವವರು. ಅವಳು ಬಾಬಾ ಎನ್ನುತ್ತಿದ್ದಳಾದ್ದರಿಂದ ನನಗೂ ಅವರು ಬಾಬಾ. ನಡುವಾರದಲ್ಲಿ ಒಮ್ಮೆ ಚುರುಮುರಿ ಪೊಟ್ಟಣ ಹಿಡಿದು ಕೆಳಗೆ ರಸ್ತೆಯಲ್ಲಿ ನಿಂತು, ಮೇಲಿನ ಕಿಟಕಿ ನೋಡಿ, ಜೋರಾಗಿ ಮಗಳ ಹೆಸರು ಕೂಗುತ್ತಿದ್ದರು. ಮೆಟ್ಟಿಲು ಹತ್ತಿ ಬರ್ರಿ ಎಂದರೆ, ಕಾಲಿಗೆ ಗ್ರೀಸ್ ಹತ್ತಿದೆ ಎಂದು ಒಲ್ಲೆ ಎನ್ನುವರು. ಓಣಿಯವರಿಗೆಲ್ಲ ಸ್ನೇಹಾಳ ಹೆಸರು ಗೊತ್ತಾದದ್ದು ಹಾಗೆ.

ಈ ಸ್ನೇಹಾ ಯಾವ ಜಾಗಕ್ಕೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ಸ್ನಾನದ ನೀರು ಕಾಯಿಸುವ ಕಾಯಿಲ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಅವಳಿಗೆ ಹುಟ್ಟುತ್ತಿದ್ದದ್ದೇ ಓಣಿಯ ತಿರುವು ದಾಟಿದ ಮೇಲೆ. ‘ನೀ ಮುಂದ ನಡಿ, ನಾ ಬಂದ್ನಿ’ ಎಂದು ಹಿಂದಕ್ಕೆ ಓಡುತ್ತಿದ್ದಳು. ನಾನು ಕ್ಲಾಸಿನಲ್ಲಿ ಕೂತು, ಹಾಜರಿ ಕೂಗುವಾಗ ಅವಳ ನಂಬರು ಬಂದರೆ, ಬರ್ತಾಳ್ರಿ ಸರ್ ಎನ್ನುತ್ತಿದ್ದೆ. ಅದು ಎಷ್ಟು ರೂಢಿಯಾಗಿತ್ತೆಂದರೆ ನನ್ನ ಹಾಜರಿಗೇ ಒಮ್ಮೆ ಬರ್ತಾಳ್ರಿ ಎಂದು ಇಡೀ ಕ್ಲಾಸನ್ನು ನಗಿಸಿದ್ದೆ.

ದೀಪಾವಳಿಯ ರಜೆ ಮುಗಿಸಿ ಬಂದ ವಾರ ಅವಳಿಗೆ ಜ್ವರ ಹಿಡಿಯಿತು. ಮಾತ್ರೆ ನುಂಗಿ ಎರಡು ದಿನ ಮಲಗಿದಳು. ಬಾಬಾ ಬಂದು, ಆಯಿಯ, ಅಂದರೆ ಅವಳ ತಾಯಿಯ, ಕೈಯ ಗಂಜಿ ಕುಡಿದರೆ ಸರಿಹೋಗುತ್ತದೆಂದು ಊರಿಗೆ ಕರೆದುಕೊಂಡು ಹೋದರು. ಅಲ್ಲಿಂದ ತಿರುಗಿ ಬೆಳಗಾವಿಯ ಆಸ್ಪತ್ರೆಗೆ ತರುವಷ್ಟರಲ್ಲಿ ಡೆಂಗ್ಯೂ ಕೈಮೀರಿತ್ತು. ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಹೋದೆ. ಆಗಲೇ ಅವಳನ್ನು ಊರಿಗೆ ಒಯ್ದಿದ್ದರು. ಮುಖ ನೋಡಲಿಲ್ಲ. ನೋಡಿದ್ದರೆ ಮುಂದಿನದು ಬೇರೆಯಾಗುತ್ತಿತ್ತೋ ಏನೋ, ಗೊತ್ತಿಲ್ಲ. ನನ್ನ ಪಾಲಿಗೆ ಅವಳು, ಊರಿಗೆ ಹೊರಟ ದಿನ ನಾನು ಬಸ್ ಸ್ಟ್ಯಾಂಡಿನಲ್ಲಿ ಬೀಳ್ಕೊಟ್ಟಾಗ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕೂತವಳಾಗಿಯೇ ಉಳಿದಳು.

ಡಿಸೆಂಬರಿನಲ್ಲಿ ಮೊದಲ ಸೆಮಿಸ್ಟರಿನ ಪರೀಕ್ಷೆ ಬಂತು. ಪರೀಕ್ಷೆಯ ಫೀ ಎಲ್ಲರೂ ಮೊದಲೇ ತುಂಬಿ ಆಗಿತ್ತಲ್ಲ, ಅವಳ ನಂಬರೂ ಪಟ್ಟಿಯಲ್ಲಿತ್ತು. ನಾನು ಹಾಲಿಗೆ ಹೋದಾಗ ಕಿಟಕಿಯ ಸಾಲಿನಲ್ಲಿ ನನ್ನ ಮುಂದಿನ ಬೆಂಚಿನ ಮೇಲೆ ಬೆಳ್ಳಗೆ, ದೊಡ್ಡದಾಗಿ, ಅವಳ ನಂಬರು ಬರೆದಿದ್ದರು. ಮೇಲ್ವಿಚಾರಕರು ಅವಳ ಜಾಗದಲ್ಲೂ ಒಂದು ಉತ್ತರ ಪತ್ರಿಕೆ ಇಟ್ಟು, ಗಾಳಿಗೆ ಹಾರದಂತೆ ಮೇಲೆ ಡಸ್ಟರ್ ಹೇರಿದರು. ತಡವಾಗಿ ಬರುವವರಿಗೆ ಅರ್ಧ ತಾಸಿನ ಅವಕಾಶವಿರುತ್ತದೆ. ಅವರು ಸಹಿ ಮಾಡಿಸುತ್ತ ನನ್ನ ಹತ್ತಿರ ಬಂದು, ಮುಂದಿನ ಬೆಂಚು ತೋರಿಸಿ ಕೇಳಿದರು.

‘ಈ ಹುಡುಗಿ ಎಲ್ಲಿ? ಗೊತ್ತೈತೇನು ನಿನಗ?’

‘ಬರ್ತಾಳ್ರಿ ಸರ್.’

ಬಾಯಿಂದ ಬಂದುಹೋಗಿತ್ತು. ಅವರು ತಲೆಯಾಡಿಸಿ ಮುಂದೆ ಹೋದರು. ಆಮೇಲೆ ನಾನು ಮಾಡಿದ ಕೆಲಸವೆಂದರೆ ಬಾಗಿಲು ನೋಡಿದ್ದು. ಹೇಳಿಬಿಟ್ಟಿದ್ದೇನಲ್ಲ, ಬರುತ್ತಾಳೆಂದು. ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳವಾದರೆ ಪೆನ್ನು ಕೆಳಗಿಡುತ್ತಿದ್ದೆ. ಅರ್ಧ ತಾಸಾದ ಮೇಲೆ ಅವರು ಬಂದು ಪತ್ರಿಕೆ ಎತ್ತಿಕೊಂಡು, ಪಟ್ಟಿಯಲ್ಲಿ ಕೆಂಪು ಮಸಿಯಿಂದ ಗೈರು ಎಂದು ಗುರುತು ಹಾಕಿದರು. ನನ್ನ ಎದುರಿನ ಪ್ರಶ್ನೆಪತ್ರಿಕೆಯಲ್ಲಿ ಓದಿದ್ದೇ ಬಂದಿತ್ತು. ಬರೆಯಲಾಗಲಿಲ್ಲ. ಪ್ರತಿ ಪೇಪರಿಗೂ ಹೀಗೆಯೇ ಆಯಿತು. ಅದೇ ನಂಬರು, ಅದೇ ಡಸ್ಟರು, ಬಾಗಿಲಿನ ಕಡೆ ಅದೇ ನನ್ನ ಕಣ್ಣು.

ರಿಸಲ್ಟ್ ಬಂದಾಗ ಅಪ್ಪ ಬೈಯಲಿಲ್ಲ. ಗೆಳತಿ ಹೋದ ದುಃಖ, ಮುಂದಿನ ಸಲ ಕಟ್ಟಿ ಪಾಸಾಗುತ್ತಾಳೆ ಎಂದು ಅವರೇ ಎಲ್ಲರಿಗೂ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಇನ್ನು ಅವಳ ನಂಬರು ಬರುವುದಿಲ್ಲ, ಒಮ್ಮೆ ಬಂದದ್ದಾಯಿತು. ಕೋಣೆ ಬದಲಿಸಿದೆ. ಕಾಯಿಲ್ ಬಿಟ್ಟು ಗ್ಯಾಸಿನ ಮೇಲೆ ನೀರು ಕಾಯಿಸಿದೆ. ಆದರೂ ಹೊಸ ಓಣಿಯ ತಿರುವಿನಲ್ಲಿ, ಹಿಂದಿನಿಂದ ‘ನೀ ಮುಂದ ನಡಿ’ ಎಂದು ಯಾರೋ ಅಂದಂತಾಗಿ ನಿಲ್ಲುತ್ತಿದ್ದೆ. ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಯಾರೂ ಇರುವುದಿಲ್ಲವೆಂಬ ಹೆದರಿಕೆಯೋ, ಇದ್ದರೆ ಎಂಬ ಹೆದರಿಕೆಯೋ, ಇವತ್ತಿಗೂ ಹೇಳಲಾರೆ.

ಮೇ ತಿಂಗಳಲ್ಲಿ ಎರಡನೇ ಸೆಮಿಸ್ಟರಿನ ಜೊತೆಗೆ ಉಳಿದ ವಿಷಯಗಳನ್ನೂ ಬರೆಯಬೇಕಿತ್ತು. ಫೇಲಾದವರ ಪರೀಕ್ಷೆ, ಹಾಲಿನಲ್ಲಿ ಹತ್ತಿಪ್ಪತ್ತು ಜನ. ಬೆಂಚು ಹುಡುಕುತ್ತ ಹೋದೆ. ನನ್ನ ನಂಬರಿನ ಮುಂದೆ ಅವಳ ನಂಬರಿತ್ತು.

ಪರೀಕ್ಷೆಗೆ ಬಾರದವರೂ ಫೇಲಾದವರ ಲೆಕ್ಕಕ್ಕೇ ಬರುತ್ತಾರೆ, ನಿಜ. ಆದರೆ ಮತ್ತೆ ಫೀ ತುಂಬದೆ ಪಟ್ಟಿಯಲ್ಲಿ ನಂಬರು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಯಾರು ತುಂಬಿದರು? ತುಂಬಿದವರು ಬರುತ್ತಾರೆ ಎಂದಲ್ಲವೇ ತುಂಬುವುದು? ಈ ಹುಚ್ಚು ಪ್ರಶ್ನೆ ಹಿಡಿದುಕೊಂಡು ಮೂರು ತಾಸು ಕೂತೆ. ಆ ಸಲ ಮೇಲ್ವಿಚಾರಕಿ ಕೇಳುವಷ್ಟರಲ್ಲಿ ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದೆ. ಮತ್ತೆ ಫೇಲಾದೆ, ಹಳೆಯ ವಿಷಯಗಳಲ್ಲೂ, ಹೊಸದರಲ್ಲೂ.

ಆ ಕಾಲೇಜಿನಲ್ಲಿ ನಾನಿನ್ನು ಎಷ್ಟು ವರ್ಷ ಕೂತರೂ ಪಾಸಾಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮೂರನೇ ಸೆಮಿಸ್ಟರಿಗೆ ಕಾಲೇಜು ಬದಲಿಸಲು ಅವಕಾಶವಿತ್ತು, ಜುಲೈ ಮುಗಿಯುವುದರೊಳಗೆ. ತಪ್ಪಿದರೆ ಓದು ಅಲ್ಲಿಗೇ ಮುಗಿದಂತೆ. ಮನೆಯಲ್ಲಿ ಆಗಲೇ ಒಂದೆರಡು ಕಡೆಯಿಂದ ವರಗಳ ಮಾತು ಬಂದಿತ್ತು, ಅತ್ತೆಯಂದಿರು ಫೇಲಾದ ಹುಡುಗಿಗೆ ಅದೇ ಔಷಧ ಎಂದು ತೀರ್ಮಾನಿಸಿದ್ದರು. ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ನಂಬರಿನ ಸಂಗತಿಯನ್ನೂ. ಅವರು, ಇದನ್ನು ಹೊರಗೆ ಯಾರಿಗೂ ಹೇಳಬೇಡ, ದೆವ್ವ ಹಿಡಿದಿದೆ ಅಂತಾರೆ ಎಂದರು. ಮರುದಿನ ಸಾಲೆಗೆ ರಜೆ ಹಾಕಿ ಸ್ಕೂಟರ್ ತೆಗೆದರು.

ಖಾನಾಪುರದ ಜುಲೈ ಎಂದರೆ ಗದ್ದೆಗಳಲ್ಲಿ ನಾಟಿ, ರಸ್ತೆಯ ಮೇಲೆ ಕೆಂಪು ರಾಡಿ, ಒಣಗದ ಬಟ್ಟೆ. ಆ ಮಳೆಯಲ್ಲಿ ಅಪ್ಪ ಮುಂದೆ, ನಾನು ಹಿಂದೆ, ಅಂಕಪಟ್ಟಿಗಳು ಪ್ಲಾಸ್ಟಿಕ್ ಚೀಲದೊಳಗೆ ನನ್ನ ಹೊಟ್ಟೆಗೂ ಅಪ್ಪನ ಬೆನ್ನಿಗೂ ನಡುವೆ. ಬೆಳಗಾವಿಯ ಒಂದೊಂದೇ ಕಾಲೇಜಿನ ಬಾಗಿಲಲ್ಲಿ ರೇನ್‌ಕೋಟ್ ಝಾಡಿಸಿ, ಕೂದಲು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆವು. ಅಂಕಪಟ್ಟಿ ನೋಡುವವರೆಗೆ ಎಲ್ಲರೂ ಒಳ್ಳೆಯವರೇ. ನೋಡಿದ ಮೇಲೆ ಕೆಲವರು ಸೀಟು ತುಂಬಿವೆ ಎಂದರು. ಒಬ್ಬರು, ನಿಮ್ಮ ಮಗಳನ್ನ ತಗೊಂಡರೆ ನಮ್ಮ ರಿಸಲ್ಟ್ ಕೆಡುತ್ತದೆ, ನೀವೂ ಮಾಸ್ತರರು, ನಿಮಗೆ ತಿಳಿಯದ್ದೇ ಎಂದರು. ಮತ್ತೊಬ್ಬರು ಬಹಳ ಸಮಾಧಾನದಿಂದ, ಮೊದಲು ಎಲ್ಲ ವಿಷಯ ಪಾಸ್ ಮಾಡಿಕೊಂಡು ಬಾ, ಸಂತೋಷದಿಂದ ತಗೊಳ್ಳುತ್ತೇವೆ ಎಂದರು. ಪಾಸಾಗಬೇಕಾದರೆ ಕಾಲೇಜು ಬಿಡಬೇಕು, ಕಾಲೇಜು ಬಿಡಬೇಕಾದರೆ ಪಾಸಾಗಬೇಕು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂದ ಹಾಗಾಯಿತು. ಅಪ್ಪ ಎಲ್ಲರಿಗೂ ಕೈಮುಗಿದು ಹೊರಗೆ ಬರುತ್ತಿದ್ದರು. ಇಡೀ ತಾಲೂಕಿನಲ್ಲಿ ಜನ ಎದ್ದು ನಿಂತು ಕೈಮುಗಿಯುತ್ತಿದ್ದ ಮನುಷ್ಯ. ಹಿಂದೆ ಕೂತವಳಿಗೆ ಅವರ ಮುಖ ಕಾಣುತ್ತಿರಲಿಲ್ಲವೆಂಬುದೊಂದೇ ನನ್ನ ಪುಣ್ಯ.

ಕೊನೆಗೆ ಉಳಿದದ್ದು ಖಾನಾಪುರದಲ್ಲೇ ಇದ್ದ ಒಂದು ಸಣ್ಣ ಕಾಲೇಜು. ಬೆಳಗಾವಿಗೆ ಓದಲು ಹೋದವಳು ಫೇಲಾಗಿ ಊರಿಗೆ ಬಂದಳು ಎನಿಸಿಕೊಳ್ಳುವ ನಾಚಿಕೆಗೆ ಅದನ್ನು ಕೊನೆಗಿಟ್ಟಿದ್ದೆವು. ಪ್ರಿನ್ಸಿಪಾಲರು ಐವತ್ತು ದಾಟಿದ ಹೆಂಗಸು, ಮಳೆಗೆ ಸೋರುತ್ತಿದ್ದ ಮೂಲೆಗೆ ಬಕೆಟ್ ಇಟ್ಟುಕೊಂಡು ಕೂತಿದ್ದರು. ಅಂಕಪಟ್ಟಿ ನೋಡಿ, ಹತ್ತನೇ ಕ್ಲಾಸಿನದೂ ಪಿಯುಸಿಯದೂ ನೋಡಿ, ಮತ್ತೆ ಇದನ್ನು ನೋಡಿದರು. ಇಷ್ಟು ಚೆನ್ನಾಗಿ ಓದುತ್ತಿದ್ದವಳಿಗೆ ಏನಾಯಿತು ಎಂದು ಕೇಳಿದರು. ಅಪ್ಪ ಆರೋಗ್ಯ ಎಂದು ಶುರುಮಾಡಿದರು. ನನಗೆ ಸಾಕಾಗಿಹೋಗಿತ್ತು. ಅಪ್ಪನ ಮಾತು ತುಂಡರಿಸಿ ಎಲ್ಲ ಹೇಳಿಬಿಟ್ಟೆ. ಬೆಂಚು, ಸುಣ್ಣದ ನಂಬರು, ಡಸ್ಟರು, ಬರ್ತಾಳ್ರಿ ಅಂದದ್ದು, ಮೇ ತಿಂಗಳಲ್ಲಿ ಮತ್ತೆ ಬಂದದ್ದು. ದೆವ್ವ ಅಂದರೆ ಅನ್ನಲಿ ಎಂದುಕೊಂಡೆ.

ಅವರು ಬಕೆಟ್ಟಿನ ಕಡೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಅಂದರು, ‘ನಮ್ಮಲ್ಲಿ ಬೆಂಚ್ ಕಡಿಮಿ ಅದಾವವಾ. ಒಂದರಾಗ ಮೂರು ಮೂರು ಮಂದಿ ಕುಂದರತಾರ. ಖಾಲಿ ಬೆಂಚ್ ಬೇಕಂದ್ರೂ ಇಲ್ಲಿ ಸಿಗೂದಿಲ್ಲ.’

ಪರೀಕ್ಷೆಯಲ್ಲಿ ಹಾಗೆ ಕೂರಿಸುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಒಂಬತ್ತು ತಿಂಗಳಲ್ಲಿ ಮೊದಲ ಸಲ ಮನುಷ್ಯರ ಮಾತು ಕೇಳಿದಂತಾಗಿ ಅಲ್ಲೇ ಅತ್ತುಬಿಟ್ಟೆ. ಅವರು ಒಪ್ಪಿಗೆ ಪತ್ರ ಬರೆದುಕೊಟ್ಟು, ಹಳೆಯ ಕಾಲೇಜಿನಿಂದ ಟಿಸಿ ತಂದರೆ ಸೇರಿಸಿಕೊಳ್ಳುತ್ತೇನೆ ಎಂದರು.

ಮರುದಿನವೇ ಬೆಳಗಾವಿಗೆ ಹೋದೆವು. ಕಾಲೇಜಿನ ಆಫೀಸಿನಲ್ಲಿ ಟಿಸಿ ಕೊಡುವ ಕಿಟಕಿ, ಪರೀಕ್ಷಾ ಫೀ ತುಂಬುವ ಕಿಟಕಿ ಎರಡೂ ಒಂದೇ, ಕ್ಲಾರ್ಕೂ ಒಬ್ಬರೇ. ಕೆಲಸದಲ್ಲಿ ಚುರುಕು, ಆದರೆ ತಲೆ ಎತ್ತಿ ಎದುರಿಗಿರುವವರ ಮುಖ ನೋಡಿದವರಲ್ಲ. ಕಾರಣ ಕೇಳಿದರು, ಕಾಲೇಜಿನ ಹೆಸರು ಕೇಳಿದರು, ಬರೆದರು, ಸಹಿ ಮಾಡಿಸಿ ತಂದು ಪುಸ್ತಕದಿಂದ ಟಿಸಿ ಹರಿದು ಕೊಟ್ಟರು. ನಾನು ಮಸಿ ಒಣಗಲೆಂದು ಊದುತ್ತ ತಿರುಗಿದೆ. ಸಾಲಿನಲ್ಲಿ ನಮ್ಮ ಹಿಂದೆ ಬಾಬಾ ನಿಂತಿದ್ದರು.

ಕೈಯಲ್ಲಿ ಫೀ ಚಲನ್ ಇತ್ತು. ಇನ್ನೂ ಬರೆಯದ ಚಲನ್, ಬರೆಸಿಕೊಳ್ಳಲು ಯಾರನ್ನಾದರೂ ಹುಡುಕುತ್ತಿದ್ದರೇನೋ. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು, ಅದನ್ನು ನನಗೇ ಕೊಡಲು ಬಂದವರು ಪಕ್ಕದಲ್ಲಿ ಅಪ್ಪನನ್ನು ಕಂಡು ಕೈ ಹಿಂದೆಗೆದರು. ನನಗೆ ಎಲ್ಲ ತಿಳಿದುಹೋಯಿತು. ವರಾಂಡದ ಕಟ್ಟೆಯ ಮೇಲೆ ಕೂತೆವು. ಕೇಳುವ ಮೊದಲೇ ಅವರೇ ಹೇಳಿದರು. ಫೆಬ್ರುವರಿಯಲ್ಲಿ ಅವರು ಬಂದದ್ದು ಹೆಸರು ತೆಗೆಸಲಿಕ್ಕೇ ಅಂತೆ. ಕಿಟಕಿಯಲ್ಲಿ ಹುಡುಗಿಯ ಹೆಸರು ಹೇಳಿದರು. ಕ್ಲಾರ್ಕು ಹೆಸರು ಹುಡುಕಿ, ಜೋರಾಗಿ ಕೂಗಿ, ಎಲ್ಲ ವಿಷಯ ಉಳಿದಿವೆ, ಫೀ ತುಂಬಿ ಎಂದರು.

‘ಮನ್ಯಾಗ ಅಕಿ ಹೆಸರು ಯಾರೂ ತಗೀಯೂದಿಲ್ಲ ಬೇಟಾ,’ ಎಂದರು ಬಾಬಾ. ‘ನಾ ತಗದ್ರ ಆಯಿ ಊಟ ಬಿಡ್ತಾಳ. ಇಲ್ಲಿ ಆ ಸಾಹೇಬ ಅಕಿ ಹೆಸರು ಕೂಗಿದ, ಅಕಿನೇ ನಾ ಇದ್ದೀನಿ ಅಂದಂಗ ಆತು. ಸತ್ತಾಳ ಅಂತ ನನ್ನ ಬಾಯಿಲೆ ಬರಲಿಲ್ಲ. ತುಂಬಿದೆ.’

ನಂತರ ಮೆಲ್ಲಗೆ ಕೇಳಿದರು, ‘ಪರೀಕ್ಷಾದಾಗ ಬೆಂಚಿನ ಮ್ಯಾಲೆ ಅಕಿ ನಂಬರ್ ಬರೀತಾರಲ್ಲ? ನೀ ಹಿಂದ ಇರ್ತಿ. ನೋಡೀಯಲ್ಲ?’

‘ಬರೀತಾರ್ರಿ ಬಾಬಾ,’ ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಇಡೀ ವರ್ಷ ನನ್ನನ್ನು ಕೊಂದದ್ದು ಯಾವುದೋ ಅದೇ ಈ ಮನುಷ್ಯನನ್ನು ಬದುಕಿಸಿತ್ತು. ಇದು ನನಗೆ ಹೊಳೆದದ್ದು ಆ ಕಟ್ಟೆಯ ಮೇಲೆ. ನಾನು ಏನೂ ಹೇಳಬಾರದೆಂದು ನಿರ್ಧರಿಸಿದೆ. ಆದರೆ ಅವರು, ಮುಂದಿನ ಸಲವೂ ನೀ ಹಿಂದೆ ಇರುತ್ತೀ ಎಂದು ನನಗೆ ಧೈರ್ಯ ಎನ್ನುತ್ತಿರುವಾಗ ಅಪ್ಪ ತಡೆಯಲಾರದೆ ಹೋದರು.

‘ಪಾಟೀಲ್ರ, ತಪ್ಪ ತಿಳೀಬ್ಯಾಡ್ರಿ. ಆ ಬೆಂಚ್ ನೋಡ್ಕೋತನ ನಮ್ಮ ಹುಡುಗಿ ಎರಡು ಸಲ ಫೇಲ್ ಆಗ್ಯಾಳ. ಇವತ್ತ ಟಿಸಿ ತಗೊಂಡ್ವಿ. ಖಾನಾಪುರಕ್ಕ ಹೊಂಟಾಳ.’

ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ಬಾಬಾ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಟಿಸಿಯನ್ನು ನೋಡಿದರು. ಚಲನ್ನನ್ನು ಸಣ್ಣದಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ‘ಗುರುಜಿ, ನನಗ ಗೊತ್ತ ಇರಲಿಲ್ಲ,’ ಎಂದರು. ಎದ್ದು ನಿಂತರು. ಅಕಿ ಹೆಸರು ಇವತ್ತೇ ತೆಗೆಸುತ್ತೇನೆ, ಪೋರಿ ಕಾಲೇಜು ಬಿಡುವುದು ಬೇಡ ಎಂದರು. ಅಪ್ಪನಿಗೆ ಆಸೆ ಚಿಗುರಿತು. ಕಿಟಕಿಗೆ ಹೋಗಿ ಕೇಳಿಯೂ ಬಿಟ್ಟರು. ಹರಿದ ಟಿಸಿ ತಿರುಗಿ ಹಚ್ಚಲು ಬರುವುದಿಲ್ಲ ಎಂದರು ಕ್ಲಾರ್ಕು, ತಲೆ ಎತ್ತದೆ.

ಅಪ್ಪನ ಹಿಂದೆಯೇ ಬಾಬಾ ಹೋಗಿ ಕಿಟಕಿಯ ಮುಂದೆ ನಿಂತಿದ್ದರು. ನನಗೆ ಓಡಿಹೋಗಿ ಅವರ ತೋಳು ಹಿಡಿಯಬೇಕೆನಿಸಿತು. ತೆಗೆಸಬೇಡ್ರಿ ಬಾಬಾ, ಇರಲಿ, ನಾನು ಹೇಗೂ ಹೋಗುತ್ತಿದ್ದೇನೆ ಎನ್ನಬೇಕೆನಿಸಿತು. ಆ ನಂಬರನ್ನು ನಾನು ಎಷ್ಟು ದ್ವೇಷಿಸಿದ್ದೆ. ಅದು ಇನ್ನು ಇರುವುದಿಲ್ಲವೆಂದಾಗ, ಈ ಭೂಮಿಯ ಮೇಲೆ ಅವಳದೆಂದು ಉಳಿದಿದ್ದ ಜಾಗ ಅದೊಂದೇ ಎನಿಸಿತು. ಪಕ್ಕಕ್ಕೆ ಹೋಗಿ ನಿಂತೆ, ಅಷ್ಟೇ.

ಬಾಬಾ ಮಗಳ ಹೆಸರು ಹೇಳಿ ಟಿಸಿ ಕೇಳಿದರು. ಕ್ಲಾರ್ಕು ಹಾಳೆ ತಿರುಗಿಸಿ, ಹೆಸರನ್ನು ಮತ್ತೊಮ್ಮೆ ಜೋರಾಗಿ ಓದಿದರು. ಬಾಬಾ ಹೂಂ ಎಂದರು.

‘ಯಾವ ಕಾಲೇಜಿಗೆ?’

ಎಲ್ಲರಿಗೂ ಕೇಳುವ ಪ್ರಶ್ನೆ. ಹಿಂದಿನವರು ಸರಿದಾಡತೊಡಗಿದರು. ಕ್ಲಾರ್ಕು ಪೆನ್ನು ಹಿಡಿದು ಕಾಯುತ್ತಿದ್ದರು. ಬಾಬಾ ತಿರುಗಿ ನನ್ನ ಮುಖ ನೋಡಿದರು, ಕೇಳಲೋ ಬೇಡವೋ ಎನ್ನುವ ಹಾಗೆ. ಆಮೇಲೆ ಕಿಟಕಿಯ ಕಡೆ ತಿರುಗಿ, ‘ಈ ಪೋರಿ ಎಲ್ಲಿಗೆ ಹೊಂಟಾಳೋ, ಅಲ್ಲಿಗೇ ಬರೀರಿ,’ ಎಂದರು.

ಕ್ಲಾರ್ಕು ಆಗ ಮೊದಲ ಸಲ ತಲೆ ಎತ್ತಿ, ಸರಳುಗಳ ನಡುವಿನಿಂದ ನನ್ನನ್ನು ನೋಡಿದರು. ‘ಇಬ್ಬರೂ ಜೋಡಿ ಹೊಂಟೀರೇನು?’

ಅಪ್ಪ ಏನೋ ಹೇಳಲು ಹೊರಟು ನಿಂತರು.

‘ಹೂಂ ರೀ,’ ಎಂದೆ. ‘ಜೋಡೀನ ಹೊಂಟೀವಿ.’